ಬಿಳಿ ಬಣ್ಣದ ಅಡಿಯ ಮೊಣಕಾಲು

ಚಪ್ಪಲಿಯ ಪಟ್ಟಿ ಬಿಚ್ಚಲು ಬಗ್ಗಿದಾಗಲೇ ಗ್ರೇಸಿಯ ಮೂಗಿಗೆ ಆ ವಾಸನೆ ತಾಗಿತು. ಬಗ್ಗಿದವಳು ಹಾಗೇ ಉಳಿದಳು.

ಬಜೆ. ಅನುಮಾನವೇ ಇಲ್ಲ.

ತುಪ್ಪ, ಊದುಬತ್ತಿ, ಇಂಗಿನ ಒಗ್ಗರಣೆ, ಬಂದವರೆಲ್ಲ ಪೂಸಿಕೊಂಡ ಸೆಂಟು, ಇಷ್ಟೆಲ್ಲದರ ಅಡಿಯಲ್ಲಿ ಅದು ತಣ್ಣಗೆ ಕೂತಿತ್ತು. ಕೂಸಿನ ಹೊಟ್ಟೆನೋವಿಗೆ ತೇದು ನೆಕ್ಕಿಸುವ ಬೇರು. ಕಾಗದಕ್ಕೂ ರೇಷ್ಮೆಗೂ ಹುಳ ಬೀಳದಿರಲೆಂದು ಕಪಾಟಿನಲ್ಲಿ ಇಡುವ ಬೇರು. ಇಬ್ಬರು ಮಕ್ಕಳನ್ನು ಹೆತ್ತು ದೊಡ್ಡವರನ್ನಾಗಿ ಮಾಡಿದ ಗ್ರೇಸಿಗೆ ಅದನ್ನು ಯಾರೂ ಪರಿಚಯಿಸಬೇಕಾಗಿರಲಿಲ್ಲ.

ಈ ದಿನ ಬೆಳಿಗ್ಗೆ ಎವರೆಟ್‌ನಲ್ಲಿ, ರೋಸ್‌ಮೇರಿ ಎಂಬ ಮುದುಕಿಯ ಊಟದ ಮೇಜಿನ ಮೇಲೆ ಒಂದು ಚಿತ್ರದ ಚೌಕಟ್ಟು ಬಿಚ್ಚಿದಾಗ ಒಳಗಿನಿಂದ ಎದ್ದು ಬಂದದ್ದೂ ಇದೇ ವಾಸನೆ. ಆ ಚಿತ್ರ ನಕಲು. ಅಸಲು ಎಲ್ಲಿಗೆ ಹೋಯಿತೆಂದು ಯಾರಿಗೂ ತಿಳಿಯದು. ಪೊಲೀಸರು ಬೆರಳು ತೋರಿಸುತ್ತಿರುವುದು ಚೌಕಟ್ಟು ಹಾಕಿಕೊಟ್ಟ ಲಾಯ್ಡ್‌ನ ಕಡೆ.

ಲಾಯ್ಡ್ ಅವಳ ಗಂಡ.

"ಬರ್ರಿ ಬಾಯಾರ. ಬಾಗಲದಾಗ ಯಾಕ ಬಗ್ಗಿ ನಿಂತ್ರಿ, ಸ್ವಾಂಟ ಹಿಡೀತೇನು?"

ಕೇಳಿದವರು ಗೌರಾದೇವಿ. ಗದಗಿನ ಹೆಂಗಸು. ಮಗಳು ಮೈತ್ರಿಯ ಬಾಣಂತನಕ್ಕೆಂದು ಅಮೆರಿಕಾದ ಮಿಲ್ ಕ್ರೀಕ್‌ನ ಈ ಮನೆಗೆ ಬಂದಿಳಿದ ದಿನದಿಂದ ಇಲ್ಲಿಯ ಆಡಳಿತವೆಲ್ಲ ಅವರ ಕೈಯಲ್ಲೇ ಇತ್ತು. ಇಳಕಲ್ ಸೀರೆಯ ಸೊಂಟಕ್ಕೆ ಎರಡು ಫೋನು ಸಿಕ್ಕಿಸಿಕೊಂಡು, ಬಂದವರಿಗೆ ಕುಂಕುಮ ಹಚ್ಚುತ್ತ, ಮಕ್ಕಳನ್ನು ಗದರುತ್ತ, ಅಳಿಯ ಮಧುವನ್ನು ಅಂಗಡಿಗೆ ಅಟ್ಟುತ್ತ ನಿಂತಿದ್ದರು.

"ವಯಸ್ಸಾಯ್ತಲ್ಲ ಗೌರಕ್ಕ."

"ನಿಮಗ ವಯಸ್ಸಾದ್ರ ನಾವೆಲ್ಲ ಫೋಟೋದಾಗ ಹಾರ ಹಾಕಿಸ್ಕೊಂಡಿರಬೇಕಾಗಿತ್ತು. ಒಳಗ ಬರ್ರಿ."

ಲಾಯ್ಡ್ ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ಈಗೀಗ ಯಾರೂ ಕೇಳುವುದಿಲ್ಲ. ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗ್ರೇಸಿ ಹೋದಲ್ಲೆಲ್ಲ ಮಾತು ಒಂದು ಕ್ಷಣ ತಗ್ಗಿ, ಅವಳು ದಾಟಿದ ಮೇಲೆ ಮತ್ತೆ ಏರುತ್ತಿತ್ತು. ಸೋಫಾದಲ್ಲಿ ಇಬ್ಬರು ದೊಡ್ಡ ಹೆಂಗಸರು ಸರಿದು ನಡುವೆ ಒಂದು ಗೇಣು ಜಾಗ ಮಾಡಿಕೊಟ್ಟರು. ಕೂತಳು. ಎಡಕ್ಕೆ ಒಂದು ತೋಳು, ಬಲಕ್ಕೆ ಒಂದು ತೋಳು, ಮುಂದೆ ಹೂ ಕಟ್ಟಿದ ತೊಟ್ಟಿಲು.

ಅವಳಿಗೆ ಬೆಳಿಗ್ಗೆ ನೋಡಿದ ಚಿತ್ರದ ಹೆಂಗಸು ನೆನಪಾದಳು.

ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಕಡಲತೀರದಲ್ಲಿ, ಸ್ನಾನಕ್ಕೆ ಹೋಗುವ ಹೆಂಗಸರು ಬಟ್ಟೆ ಬದಲಿಸಲೆಂದು ಗಾಲಿಯ ಮೇಲೊಂದು ಮರದ ಗೂಡು ಇರುತ್ತಿತ್ತಂತೆ. ಆ ಗೂಡಿನ ಬಾಗಿಲಲ್ಲಿ ಅವಳು ಸಿಕ್ಕಿಕೊಂಡಿದ್ದಾಳೆ. ಒಳಗೂ ಹೋಗಲಾರಳು, ಹೊರಗೂ ಬರಲಾರಳು. ಕಡ್ಡಿಯಂಥ ಗಂಡ ಹಿಂದಿನಿಂದ ದಬ್ಬುತ್ತಿದ್ದಾನೆ. ಪಕ್ಕದಲ್ಲಿ ಪೊಲೀಸಿನವನು ಮೀಸೆಯ ಮರೆಯಲ್ಲಿ ನಗುತ್ತಿದ್ದಾನೆ. ಪೋಸ್ಟ್‌ಕಾರ್ಡಿನ ಮೇಲೆ ಅಚ್ಚಾಗಿ ಮಾರಾಟವಾಗುತ್ತಿದ್ದ ತಮಾಷೆ. ಚಿತ್ರ ಒಂದೇ, ಅಡಿಯಲ್ಲಿ ಊರಿನ ಹೆಸರು ಮಾತ್ರ ಬೇರೆ ಬೇರೆ. ಬ್ಲ್ಯಾಕ್‌ಪೂಲ್‌ನಲ್ಲಿ ಕೊಂಡರೂ ಅವಳೇ, ಸ್ಕಾರ್ಬರೋದಲ್ಲಿ ಕೊಂಡರೂ ಅವಳೇ. ಊರೂರಿನ ಬಾಗಿಲಲ್ಲೂ ಆ ಬಡಪಾಯಿ ಸಿಕ್ಕಿಕೊಂಡೇ ಇದ್ದಳು.

ಬರೆದವಳು ರೋಸ್‌ಮೇರಿಯ ಅಜ್ಜಿ. ಕ್ರಾಬ್‌ಟ್ರೀ ಎಂಬ ಪ್ರಕಾಶಕರಿಗೆ ಬರೆದುಕೊಡುತ್ತಿದ್ದಳು. ಹೆಂಗಸು ಇಂಥದ್ದು ಬರೆದಳೆಂದರೆ ಜನ ಏನಂದಾರು ಎಂದು ಅವರು ಮೂಲೆಯಲ್ಲಿ ಗಂಡಸಿನ ಸಹಿ ಹಾಕಿಸುತ್ತಿದ್ದರು. ಕೊಟ್ಟ ಚಿತ್ರ ಅವರ ಸ್ವತ್ತು. ಅಚ್ಚಾದ ಮೇಲೆ ಬೆನ್ನಿನ ಕಡೆ ಇನ್ನೊಂದು ಬರೆಸುತ್ತಿದ್ದರು, ಇಲ್ಲವೇ ಒಲೆಗೆ ಹಾಕುತ್ತಿದ್ದರು. ಹೇಗೋ ಉಳಿದಿದ್ದ ಹನ್ನೆರಡು ಮೂಲಚಿತ್ರಗಳನ್ನು ರೋಸ್‌ಮೇರಿ ಆಯುಷ್ಯವಿಡೀ ಹುಡುಕಿ ಒಟ್ಟು ಮಾಡಿದ್ದಳು. ಹೊಸ ಚೌಕಟ್ಟು ಬೇಕೆಂದು ಲಾಯ್ಡ್‌ನ ಅಂಗಡಿಗೆ ಕೊಟ್ಟಿದ್ದಳು.

ನಕಲು ಬಯಲಾದದ್ದು ಮೊಣಕಾಲಿನಿಂದ.

ಕಾರ್ಡು ಮೊದಲು ಬಂದಾಗ ಸಿಕ್ಕಿಕೊಂಡ ಹೆಂಗಸಿನ ಮೊಣಕಾಲು ಕಾಣುತ್ತಿತ್ತು. ಯಾವುದೋ ಊರಿನ ದೊಡ್ಡ ಮನುಷ್ಯರು ತಕರಾರು ತೆಗೆದರು. ಪ್ರಕಾಶಕರು ಚಿತ್ರವನ್ನು ತಿರುಗಿ ಕಳಿಸಿ, ಮುಚ್ಚಿಕೊಡು ಎಂದರು. ಆ ಕಾಲದ ಪದ್ಧತಿಯೇ ಹಾಗೆ. ಹೊಸದಾಗಿ ಬರೆಯುವ ಪುರಸೊತ್ತಿಲ್ಲ, ಹಳೆಯದರ ಮೇಲೇ ಬಿಳಿ ಬಳಿದು ತಿದ್ದುವುದು. ಅಜ್ಜಿ ದಪ್ಪ ಬಿಳಿ ಬಣ್ಣ ಹಚ್ಚಿ ಲಂಗವನ್ನು ಉದ್ದ ಮಾಡಿದಳು. ಮೊಣಕಾಲು ಎಲ್ಲಿಗೂ ಹೋಗಿಲ್ಲ, ಅಡಿಯಲ್ಲಿ ಕೂತಿದೆ ಎಂದು ಸಾಯುವವರೆಗೂ ನಗುತ್ತಿದ್ದಳಂತೆ. ಅಸಲು ಚಿತ್ರವನ್ನು ಬೆಳಕಿಗೆ ಹಿಡಿದರೆ ಬಿಳಿಯ ಹಿಂದೆ ಆ ಮೊಣಕಾಲಿನ ಗೆರೆ ತೋರಬೇಕು.

ಬೆಳಿಗ್ಗೆ ಗ್ರೇಸಿ ತಾನೇ ಕಿಟಕಿಗೆ ಹಿಡಿದು ನೋಡಿದ್ದಳು. ಬಿಳಿಯ ಹಿಂದೆ ಬರೀ ಬಿಳಿಯೇ ಇತ್ತು.

ವಿಮಾ ಕಂಪನಿಯಲ್ಲಿ ಕಳುವಿನ ತನಿಖೆ ಮಾಡುವುದೇ ಅವಳ ಕೆಲಸ. ಲಾಯ್ಡ್‌ನ ಹೆಸರು ಬಂದ ದಿನವೇ ಈ ಪ್ರಕರಣವನ್ನು ಅವಳಿಂದ ಕಸಿದುಕೊಂಡಿದ್ದರು. ಆದರೂ ಈ ಬೆಳಿಗ್ಗೆ ಆಫೀಸಿಗೆ ಹೇಳದೆ ರೋಸ್‌ಮೇರಿಯ ಮನೆಗೆ ಹೋಗಿದ್ದಳು. "ನನ್ನ ಕೈಗೆ ಬಂದದ್ದೇ ನಕಲು, ಗ್ರೇಸಿ. ಅಂಗಡಿ ದಾಟಿ ಒಂದು ಚಿತ್ರವೂ ಹೊರಗೆ ಹೋಗ್ಲಿಲ್ಲ," ಎಂದು ಅವನು ಮಕ್ಕಳ ಆಣೆ ಹಾಕಿದ್ದ. ನಾಳೆ ಬೆಳಿಗ್ಗೆ ಅವನು ಪೊಲೀಸರ ಎದುರು ಕೂರಬೇಕು. ನಕಲು ಬರೆದವರು ಸಿಕ್ಕಿದರೆ ಬರೆಸಿದವರು ಸಿಗುತ್ತಾರೆ. ಬರೆಸಿದವರು ಸಿಕ್ಕಿದರೆ ಲಾಯ್ಡ್ ಉಳಿಯುತ್ತಾನೆ. ಅವಳ ಲೆಕ್ಕ ಅಷ್ಟು ಸರಳವಾಗಿತ್ತು.

ಬಜೆ ಇರುವ ಮನೆಯೆಂದರೆ ಕೂಸಿರುವ ನಮ್ಮವರ ಮನೆ. ಕೂಸೂ ಕುಂಚವೂ ಎರಡೂ ಇರುವ ಮನೆ ಅವಳಿಗೆ ಗೊತ್ತಿದ್ದದ್ದು ಇದೊಂದೇ. ಮೈತ್ರಿ ಧಾರವಾಡದಲ್ಲಿ ಚಿತ್ರಕಲೆ ಕಲಿತವಳು.

"ಗೌರಕ್ಕ, ತೊಟ್ಟಿಲಿಗೆ ಹಾಕುವ ಮುಂಚೆ ಕೂಸನ್ನು ಒಮ್ಮೆ ನೋಡಿ ಬರ್ತೇನೆ."

ಗೌರಾದೇವಿ ಅವಳ ಮುಖವನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ನೋಡಿ ಬರ್ರಿ. ಕೈಕಾಲ ತೊಳ್ಕೊಂಡು ಹೋಗ್ರಿ. ಆದ್ರ ಒಂದ ಮಾತು. ಹೊರಗಿನ ಸುದ್ದಿ ಯಾವುದೂ ಬಾಣಂತಿ ಕಿವಿಗೆ ಹಾಕಬ್ಯಾಡ್ರಿ. ಕೆಟ್ಟ ಸುದ್ದಿ ಕೇಳಿದ್ರ ಹಾಲು ಬತ್ತತಾವು. ನೀವೂ ಹಡದಾಕಿ, ನಿಮಗ ತಿಳೀತೈತಿ."

ಮಹಡಿಯ ಕೋಣೆಯ ಬಾಗಿಲು ತೆರೆದದ್ದೇ ಬಿಸಿಗಾಳಿ ಮುಖಕ್ಕೆ ರಾಚಿತು. ಹೀಟರ್ ಉರಿಯುತ್ತಿತ್ತು. ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿದ್ದರು. ಕೆಂಡದ ಮೇಲೆ ಅಜವಾನ ಹಾಕಿ ಹೊಗೆ ಹಿಡಿದದ್ದು ಇನ್ನೂ ಸೂರಿನಲ್ಲಿ ತೇಲುತ್ತಿತ್ತು. ಹೊಗೆಗೆ ಕೂಗಿಕೊಳ್ಳುವ ಅಲಾರಂಗೆ ಯಾರೋ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ್ದರು.

ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಕಾಲಿಗೆ ಎರಡು ಜೊತೆ ಕಾಲುಚೀಲ. ಅಷ್ಟರ ನಡುವಿನಿಂದ ಮೈತ್ರಿ ನಕ್ಕಳು. ಮಡಿಲಲ್ಲಿ ಕೂಸು ನಿದ್ದೆ ಹೋಗಿತ್ತು.

"ಗ್ರೇಸಿ ಆಂಟಿ, ದೇವ್ರು ಕಳಿಸಿದ ಹಾಗೆ ಬಂದ್ರಿ. ಆ ಕಿಟಕಿ ಒಂಚೂರು ತೆಗೀರಿ ಪ್ಲೀಸ್. ಅಮ್ಮ ಬಂದ್ರೆ ನೀವೇ ತೆಗೆದಿದ್ದು ಅಂತ ಹೇಳ್ತೀನಿ."

"ಬಾಣಂತಿಗೆ ಗಾಳಿ ಆಗ್ಲಿಕ್ಕಿಲ್ಲ ಮಾರಾಯ್ತಿ."

"ನೀವೂ ಅವ್ರ ಪಾರ್ಟೀನಾ? ಜೈಲಲ್ಲಾದ್ರೂ ಗಾಳಿ ಬಿಡ್ತಾರೆ ಆಂಟಿ."

ಗ್ರೇಸಿಯ ಕೈ ಕಿಟಕಿಯ ಮೇಲೇ ಒಂದು ಕ್ಷಣ ನಿಂತಿತು. ಬೆರಳಷ್ಟು ತೆರೆದಳು. ಕೂಸಿನ ಮುಂಗೈಯಲ್ಲಿ ದಾರಕ್ಕೆ ಪೋಣಿಸಿದ ಬಜೆಯ ಚೂರುಗಳಿದ್ದವು. ಮೂಲೆಯ ಕಪಾಟಿನ ಬಾಗಿಲು ಅರೆ ತೆರೆದಿತ್ತು. ಬಣ್ಣದ ಡಬ್ಬಿ, ದಪ್ಪ ಕಾಗದದ ಕಟ್ಟು, ಕಟ್ಟಿನ ಮೇಲೆ ಕಂದು ಬಣ್ಣದ ಅದೇ ಬೇರು.

"ಕಾಗದದ ಮೇಲೆ ಬಜೆ ಯಾರು ಇಟ್ಟದ್ದು?"

"ಇನ್ಯಾರು? ಅಮ್ಮ ಡೆಲಿವರಿಗೆ ಮೂರು ತಿಂಗಳು ಮುಂಚೆನೇ ಬಂದ್ರು, ಬಂದ ದಿನಾನೇ ಮನೆಗೆಲ್ಲಾ ಬಜೆ. ಅಮೆರಿಕಾದಲ್ಲಿ ಹುಳ ಇಲ್ಲಮ್ಮಾ ಅಂದ್ರೆ, ಹುಳಕ್ಕೇನ್ ವೀಸಾ ಬೇಕೇನು ಅಂತಾರೆ."

ಗ್ರೇಸಿ ಮಂಚದ ತುದಿಯಲ್ಲಿ ಕೂತಳು. ದಾರಿಯುದ್ದಕ್ಕೂ ಅವಳು ಪ್ರಶ್ನೆಗಳನ್ನು ಜೋಡಿಸಿಕೊಂಡು ಬಂದಿದ್ದಳು. ಮೊದಲು ಸಲೀಸಾದದ್ದು, ಆಮೇಲೆ ಜಾರಿಸುವಂಥದ್ದು, ಕೊನೆಗೆ ಕುತ್ತಿಗೆ ಹಿಡಿಯುವಂಥದ್ದು.

"ಈಗ ಚಿತ್ರ ಬರೀಲಿಕ್ಕೆ ಆಗೋದಿಲ್ಲ ಅಲ್ವಾ?" ಮೊದಲನೆಯದನ್ನು ಕೇಳಿದಳು.

"ಎಲ್ಲಿ ಆಂಟಿ. ಕೊನೇದು ಅಂದ್ರೆ ಆ ದಪ್ಪ ಹೆಂಗಸಿನ ಸೆಟ್ಟೇ. ಲಾಯ್ಡ್ ಅಂಕಲ್ ತೋರಿಸಿದ್ರಲ್ವಾ ನಿಮಗೆ?"

ಮೈತ್ರಿಯ ಕಣ್ಣು ಕದಲಲಿಲ್ಲ. ಕೂಸಿನ ಟೋಪಿ ಸರಿಮಾಡುತ್ತ, ನಿನ್ನೆಯ ಸಾರಿಗೆ ಉಪ್ಪು ಕಡಿಮೆಯಾಗಿತ್ತು ಎನ್ನುವ ಹಾಗೆ ಅಂದಳು.

ಗ್ರೇಸಿ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಗಳಲ್ಲಿ ಇದರ ಮುಂದಿನದು ಇರಲಿಲ್ಲ.

"ಯಾವ ಸೆಟ್ಟು?"

"ಅಯ್ಯೋ, ಅಂಕಲ್ ನಿಮಗೂ ಸರ್‌ಪ್ರೈಸ್ ಇಟ್ಟಿದ್ರಾ? ನಾನೇ ಬಾಯಿ ಬಿಟ್ಟೆ." ಮೈತ್ರಿ ನಾಲಿಗೆ ಕಚ್ಚಿಕೊಂಡಳು. "ಹನ್ನೆರಡು ಪೇಂಟಿಂಗ್. ಅಂಕಲ್ ಎರಡೆರಡೇ ತಂದ್ಕೊಡ್ತಿದ್ರು. ಒರಿಜಿನಲ್ ಗೋಡೇಲಿದ್ರೆ ಬೆಳಕಿಗೆ ಬಣ್ಣ ಹೋಗುತ್ತೆ, ಅದನ್ನ ಪೆಟ್ಟಿಗೇಲಿಟ್ಟು ಕಾಪಿ ಹಾಕಿ ಕೊಡ್ತೀನಿ, ಪೇಂಟಿಂಗ್ ಓನರ್ ಅಜ್ಜಿಗೆ ಖುಷಿ ಆಗುತ್ತೆ ಅಂದ್ರು. ನಂಗೂ ಏಳು ತಿಂಗಳು, ಎಲ್ಲೂ ಹೋಗೋ ಹಾಗಿಲ್ಲ, ಕೆಲಸ ಮಾಡೋ ಪರ್ಮಿಟ್ಟೂ ಇಲ್ಲ. ಕುಂಚ ಹಿಡಿದಿದ್ದಕ್ಕೇ ಜೀವ ಉಳೀತು ಆಂಟಿ."

"ಇಲ್ಲಿಗೆ ತಂದನಾ? ಈ ಮನೆಗೆ?"

"ಮತ್ತೆ? ಕೆಳಗೆ ಊಟದ ಟೇಬಲ್ ಮೇಲೇ ಮಾಡಿದ್ದು. ಆ ಸಿಕ್ಕಿಹಾಕ್ಕೊಂಡಿರೋಳು ಇದಾಳಲ್ಲ, ಅವಳ ಲಂಗ ನನ್ನ ಪ್ರಾಣ ತಿಂತು. ಬಿಳಿ ಬಣ್ಣ ಅಲ್ಲಿ ಮಾತ್ರ ಉಬ್ಬಿತ್ತು. ಯಾಕೆ ಅಂತ ಗೊತ್ತಾಗ್ಲಿಲ್ಲ. ಇರೋ ಹಾಗೇ ಇರ್ಲಿ ಅಂತ ನಾನೂ ಉಬ್ಬಿಸಿಟ್ಟೆ."

ಉಬ್ಬನ್ನು ಬರೆದವಳಿಗೆ ಅದರ ಅಡಿಯ ಮೊಣಕಾಲು ಗೊತ್ತಿರಲಿಲ್ಲ. ತಂದುಕೊಟ್ಟವನಿಗೂ ಗೊತ್ತಿರಲಿಲ್ಲ.

"ಕೊನೇ ದಿನ ಅಂಕಲ್ ಒಳ್ಳೇ ಕಾಮೆಡಿ. ಒಂದ್ ಕೈಲಿ ಒರಿಜಿನಲ್, ಒಂದ್ ಕೈಲಿ ನಂದು ಹಿಡ್ಕೊಂಡು, ಯಾವುದು ಅಸಲಿ ಹೇಳು ನೋಡೋಣ ಅಂತ ನನ್ನೇ ಕೇಳಿದ್ರು. ಫೋಟೊ ತೆಗೆದಿದೀನಿ, ಇರಿ ತೋರಿಸ್ತೀನಿ." ದಿಂಬಿನ ಕಡೆ ಚಾಚಿದ ಕೈಯನ್ನು ಮೈತ್ರಿ ಬೇಸರದಿಂದ ಹಿಂದಕ್ಕೆ ತೆಗೆದುಕೊಂಡಳು. "ಮರ್ತೇಬಿಟ್ಟೆ. ಫೋನ್ ಅಮ್ಮನ ಸೊಂಟದಲ್ಲಿದೆ. ಬಾಣಂತಿ ಫೋನ್ ನೋಡಿದ್ರೆ ಕಣ್ಣು ಹೋಗುತ್ತಂತೆ. ಒಂದು ಕಾಲ್ ಬರಲ್ಲ, ಮೆಸೇಜ್ ಬರಲ್ಲ. ಪ್ರಪಂಚ ಇದೆಯೋ ಇಲ್ವೋ ನಂಗೆ ಗೊತ್ತಿಲ್ಲ."

ಆಗ ಗ್ರೇಸಿಗೆ ಪೂರ್ತಿ ಅರ್ಥವಾಯಿತು. ಈ ಹುಡುಗಿ ಏನನ್ನೂ ಮುಚ್ಚಿಡುತ್ತಿಲ್ಲ. ಮುಚ್ಚಿಡಬೇಕಾದದ್ದು ಒಂದಿದೆ ಎಂಬುದೇ ಇವಳಿಗೆ ಗೊತ್ತಿಲ್ಲ.

"ಆಂಟಿ, ಆ ಅಜ್ಜಿಗೆ ಇಷ್ಟ ಆಯ್ತಂತಾ?"

"ನೋಡ್ತಾ ಇದ್ದಾರೆ," ಎಂದಳು ಗ್ರೇಸಿ. "ದಿನಾ ಅದನ್ನೇ ನೋಡ್ತಾ ಇದ್ದಾರೆ."

ಅವಳು ಮೆಟ್ಟಿಲು ಇಳಿದಳು. ಯಾರೋ ಕೋಸಂಬರಿಯ ಬಟ್ಟಲು ಹಿಡಿಸಿದರು; ಅದನ್ನು ಶೂ ಇಡುವ ಗೂಡಿನ ಮೇಲಿಟ್ಟು ಅವಳು ಹೊರಗೆ ಬಂದಳು. ಮನೆಗೆ ಹೋಗಬೇಕು. ಲಾಯ್ಡ್‌ನನ್ನು ಕೂರಿಸಿ ಕೇಳಬೇಕು. ಅದಕ್ಕಿಂತ ಮೊದಲು ಎಲ್ಲಾದರೂ ಕಾರು ನಿಲ್ಲಿಸಿ ಗಾಜು ಏರಿಸಿ ಸುಮ್ಮನೆ ಕೂರಬೇಕು.

ಕಾರಿನ ಹಿಂದೆ ಒಂದು ವ್ಯಾನು. ವ್ಯಾನಿನ ಹಿಂದೆ ಇನ್ನೊಂದು. ಅದರ ಹಿಂದೆ ಬೀದಿಯ ತಿರುವಿನವರೆಗೂ ಅಡ್ಡಾದಿಡ್ಡಿ ನಿಂತ ಕಾರುಗಳು. ಬೀದಿಗೆ ಆ ಕಡೆ ದಾರಿಯೇ ಇಲ್ಲ; ಹೋಗುವುದಕ್ಕೂ ಬರುವುದಕ್ಕೂ ಇದೊಂದೇ ಬಾಯಿ.

ಪಾರ್ಕಿಂಗ್ ನೋಡಿಕೊಳ್ಳುತ್ತಿದ್ದ ಧನಂಜಯ ಜಾಕೆಟ್ಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಬಂದ. ಮಧುವಿನ ಜೊತೆ ಓವರ್‌ಲೇಕ್‌ನ ಆಫೀಸಿನಲ್ಲಿ ಕೆಲಸ ಮಾಡುವವನು.

"ಹೊರಟ್ರಾ ಅಕ್ಕ? ಆಗಲ್ಲ ಬಿಡಿ. ಈ ವ್ಯಾನಿನವರು ಕೂಸಿನ ಸೋದರತ್ತೆ. ಅವ್ರು ಹೆಸರಿಡದೆ ಕದಲಲ್ಲ. ಅದರ ಹಿಂದಿನವರು ಊಟ ಮಾಡದೆ ಕದಲಲ್ಲ."

"ಅರ್ಜೆಂಟ್ ಉಂಟು, ಧನಂಜಯ."

"ಎಲ್ಲರೂ ಅದೇ ಹೇಳ್ತಾರೆ ಅಂತಾನೇ ಹಿಂಗೆ ಪಾರ್ಕ್ ಮಾಡಿಸಿರೋದು. ಗೌರಮ್ಮನ ಆರ್ಡರ್. ಊಟ ಮಾಡ್ದೇ ಯಾರೂ ಹೋಗೋ ಹಾಗಿಲ್ಲ." ಅವನು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ಲಾಯ್ಡ್ ಹುಷಾರಾಗಿದಾರಲ್ವಾ ಅಕ್ಕ?"

ಅವಳು ತಿರುಗಿ ಒಳಗೆ ಬಂದಳು.

ಗೌರಾದೇವಿಯನ್ನು ಹುಡುಕಿಕೊಂಡು ಹಾಲ್‌ನ ಪಕ್ಕದ ಬೂದು ಬಣ್ಣದ ಬಾಗಿಲು ತಳ್ಳಿದಳು. ಆಚೆ ಗ್ಯಾರೇಜು. ಒಳಗೆ ಕರಿದರೆ ಸೋಫಾ ಪರದೆಗೆಲ್ಲ ಎಣ್ಣೆಯ ವಾಸನೆ ಹಿಡಿಯುತ್ತದೆಂದು ಈ ಕಡೆಯ ನಮ್ಮವರು ಗ್ಯಾರೇಜಿನಲ್ಲಿ ಎರಡನೇ ಒಲೆ ಇಟ್ಟುಕೊಳ್ಳುತ್ತಾರೆ. ಗೌರಾದೇವಿ ಒಬ್ಬರೇ ನಿಂತು ಕರಿಗಡುಬು ಕರಿಯುತ್ತಿದ್ದರು. ಸೊಂಟದಲ್ಲಿ ಎರಡು ಫೋನು. ಕಪ್ಪು ಕವಚದ್ದು ಅವರದು. ಹಳದಿಯದ್ದು ಮೈತ್ರಿಯದು.

ಗ್ರೇಸಿ ಬಾಗಿಲು ಹಾಕಿಕೊಂಡಳು.

ಆ ಹಳದಿ ಫೋನನ್ನು ನೋಡುತ್ತ ನಿಂತಾಗ ಅವಳಿಗೆ ಏನು ತೋಚಿತೆಂದು ಹೇಳಬೇಕು, ಬಚ್ಚಿಟ್ಟರೆ ತಪ್ಪಾಗುತ್ತದೆ. ಕೇಳದೇ ಹೋಗಿಬಿಟ್ಟರೆ? ಮೈತ್ರಿ ಅಂದದ್ದನ್ನು ಇನ್ನೂ ಯಾರೂ ಕೇಳಿಲ್ಲ. ಬಾಣಂತಿಯ ಕೋಣೆಗೆ ಪೊಲೀಸರು ಬಂದಿಲ್ಲ, ಬರುವ ಕಾರಣವೂ ಅವರಿಗೆ ಗೊತ್ತಿಲ್ಲ. ಹಾಲ್‌ಗೆ ಹೋಗಿ, ಊಟ ಮಾಡಿ, ಕೂಸಿನ ಕೈಗೆ ಉಡುಗೊರೆಯಿಟ್ಟು ಮನೆಗೆ ಹೋದರೆ ಅವಳು ಬರೀ ಲಾಯ್ಡ್‌ನ ಹೆಂಡತಿ. ಕೇಳಿದರೆ ಅವಳು ಬೇರೆ ಯಾರೋ.

"ಗೌರಕ್ಕ, ಮೈತ್ರಿಯ ಫೋನ್ ಒಮ್ಮೆ ಕೊಡಿ. ಒಂದು ಫೋಟೊ ನೋಡ್ಲಿಕ್ಕುಂಟು."

ಗೌರಾದೇವಿ ತಿರುಗಲಿಲ್ಲ. ಎಣ್ಣೆಯಲ್ಲಿದ್ದ ಕಡುಬನ್ನು ಮಗುಚುವುದು ಮಾತ್ರ ನಿಂತಿತು.

"ಯಾವ ಫೋಟೊ?"

"ನನ್ನ ಗಂಡನದ್ದು. ಎರಡು ಕೈಯಲ್ಲಿ ಎರಡು ಚಿತ್ರ ಹಿಡ್ಕೊಂಡದ್ದು."

"ಆಕಿಗೆ ಹೇಳಿದ್ರೇನು?"

"ಎಂತ?"

"ಕಳುವಿನ ಸುದ್ದಿ."

"ಇಲ್ಲ."

ಗೌರಾದೇವಿ ಉಸಿರು ಬಿಟ್ಟರು. "ನಿಮ್ಮ ಹೊಟ್ಟಿ ತಣ್ಣಗಿರ್ಲಿ." ಒಲೆ ಸಣ್ಣ ಮಾಡಿದರು.

"ಅಂದ್ರೆ ನಿಮಗೆ ಎಲ್ಲಾ ಗೊತ್ತಿತ್ತು."

"ಊರಿಗೆಲ್ಲ ಗೊತ್ತಿದ್ದದ್ದು ನನಗ್ಯಾಕ ಗೊತ್ತಿರಂಗಿಲ್ಲ? ಮಂದಿ ಬಂದು ಹೋಗ್ತಾರ, ಮಾತಾಡ್ತಾರ. ಮಗಳ ಕಿವಿಗೆ ಹತ್ತಿ ಇಟ್ಟದ್ದು ಗಾಳಿಗಷ್ಟ ಅಲ್ರಿ." ಕರಿದ ಕಡುಬನ್ನು ಕಾಗದದ ಮೇಲೆ ಒಂದೊಂದಾಗಿ ಇಟ್ಟರು. "ನಿಮಗ ಅಂಜಿಕಿ ಬ್ಯಾಡ. ನಿಮ್ಮ ಸಂಸಾರಕ್ಕ ಕುತ್ತು ಬರೂ ಮಾತು ಈ ಮನ್ಯಾಗಿಂದ ಹೊರಗ ಹೋಗಂಗಿಲ್ಲ. ಹೋಗ್ರಿ, ಮುಂದ ಕುಂಡ್ರಿ. ಈಗ ತೊಟ್ಟಲದಾಗ ಹಾಕ್ತಾರ."

ಬಾಗಿಲು ಹೀಗೆ ತಾನಾಗಿ ತೆರೆದುಕೊಳ್ಳುತ್ತದೆಂದು ಗ್ರೇಸಿ ಎಣಿಸಿರಲಿಲ್ಲ. ದಾಟಿ ಹೋಗುವುದೊಂದೇ ಬಾಕಿ.

"ಗೌರಕ್ಕ, ನಿಮಗೆ ಯಾರೋ ಅರ್ಧ ಹೇಳಿದ್ದಾರೆ. ಇಲ್ಲಿ ಕೇಳಿ." ತನ್ನ ದನಿ ತನಗೇ ದೂರದಿಂದ ಕೇಳಿಸುತ್ತಿತ್ತು. "ಆ ಫೋಟೊ ಪೊಲೀಸರಿಗೆ ಸಿಕ್ಕಿದ್ರೆ ನನ್ನ ಗಂಡ ಒಳಗೆ ಹೋಗ್ತಾನೆ. ಅದು ಹೌದು. ಸಿಗದಿದ್ರೆ?"

"ಸಿಗದಿದ್ರ ಎಲ್ಲಾರೂ ಪಾರಾದಂಗ."

"ಅಲ್ಲ. ಆ ನಕಲು ಬರೆದ ಕೈ ನಿಮ್ಮ ಮಗಳದ್ದು. ಬಣ್ಣ ಈ ಮನೇಲುಂಟು, ಕಾಗದ ಈ ಮನೇಲುಂಟು. ನಾನು ಬರೀ ವಾಸನೆ ಹಿಡಿದು ಇಲ್ಲಿಗೆ ಬಂದೆ. ನಾಳೆ ಬೇರೆಯವರು ಬೇರೆ ದಾರಿ ಹಿಡಿದು ಬರ್ತಾರೆ. ಆಗ ಅವಳು, ಲಾಯ್ಡ್ ಅಂಕಲ್ ಹೇಳಿದ್ರು, ಅದಕ್ಕೆ ಬರೆದೆ ಅಂತಾಳೆ. ಲಾಯ್ಡ್, ಈ ಹುಡುಗಿ ಯಾರೋ ನನಗೆ ಗೊತ್ತೇ ಇಲ್ಲ ಅಂತಾನೆ. ಅಸಲು ಚಿತ್ರ ಎಲ್ಲಿ ಅಂತ ಅವಳನ್ನೇ ಕೇಳ್ತಾರೆ. ಅವಳ ಕಡೆ ಇರೋದು ಆ ಫೋಟೊ ಒಂದೇ."

ಸೌಟು ಹಿಡಿದ ಕೈ ಇಳಿದದ್ದು ಗೌರಾದೇವಿಗೆ ಗೊತ್ತಾಗಲಿಲ್ಲ. ಎಣ್ಣೆ ಸೀರೆಯ ನೆರಿಗೆಯ ಮೇಲೆ ತೊಟ್ಟಿಕ್ಕಿತು.

"ಫೋಟೊ ಜೋಪಾನ ಮಾಡಿ," ಎಂದಳು ಗ್ರೇಸಿ. ಹೇಳುತ್ತಿರುವವಳು ತಾನೇ ಎಂದು ನಂಬುವುದು ಕಷ್ಟವಾಗಿತ್ತು. "ಯಾರು ಬಂದು ಕೇಳಿದ್ರೂ ಕೊಡ್ಬೇಡಿ. ನಾನು ಕೇಳಿದ್ರೂ ಕೊಡ್ಬೇಡಿ. ಅಳಿಯನ ಕರೆದು ಇವತ್ತೇ ಒಬ್ಬ ವಕೀಲರನ್ನ ನೋಡ್ಲಿಕ್ಕೆ ಹೇಳಿ."

ಗೋಡೆಯ ಆಚೆ ಹಾಡು ಶುರುವಾಯಿತು. ಮೊದಲು ಕುಲಾವಿ ತೊಡಿಸಿದ ಗುಂಡುಕಲ್ಲನ್ನು ತೊಟ್ಟಿಲಲ್ಲಿಟ್ಟು ತೂಗುತ್ತಾರೆ, ಆಮೇಲೆ ಕೂಸು. ಬಾಣಂತಿನ ಕರಕೊಂಡ್ ಬರ್ರಿ ಎಂದು ಯಾರೋ ಕೂಗಿದರು. ಹೆಂಗಸರು ನಕ್ಕರು.

ಗೌರಾದೇವಿ ಅಕ್ಕಿಯ ಚೀಲದ ಮೇಲೆ ಕುಸಿದು ಕೂತರು.

"ಅವರು ಹಂಗ ಹೇಳ್ಲಿಲ್ಲಲ್ರಿ."

"ಯಾರು?"

"ನಿಮ್ಮ ಯಜಮಾನ್ರು."

ಗ್ರೇಸಿ ಒಲೆ ಆರಿಸಿದಳು. ಕೈಗೆ ಏನಾದರೂ ಕೆಲಸ ಬೇಕಿತ್ತು.

"ಹ್ವಾದ ಆಯ್ತವಾರ ಬಂದಿದ್ರು. ಕೂಸಿಗಂತ ಝಬಲಾ ತಂದಿದ್ರು. ಮಧು ಇರಲಿಲ್ಲ. ಒಳಗ ಬರ್ರಿ ಅಂದ್ರ ಬ್ಯಾಡ, ಇಲ್ಲೇ ಕುಂಡ್ರತೀನಿ ಅಂತ ಇದ ಗ್ಯಾರೇಜಿನಾಗ ಕುಂತ್ರು. ಅಮ್ಮಾ, ಬಾಣಂತಿ ಜೀವ ಸೂಕ್ಷ್ಮ, ಆಕಿಗೆ ಈ ಸುದ್ದಿ ಒಂದ ಅಕ್ಷರ ತಿಳೀಬಾರದು, ಫೋನು ಆಕಿ ಕೈಯಾಗ ಕೊಡಬ್ಯಾಡ್ರಿ ಅಂದ್ರು. ನಾನೂ ಹೌದಲ್ಲ ಅಂದೆ. ಮಂದಿ ಮನಿ ಗಂಡಸು ಎಷ್ಟ ತಿಳದ ಮಾತಾಡ್ತಾನ ಅಂತ ಅನಿಸ್ತು ನನಗ."

"ಮತ್ತೆ?"

"ಆ ಫೋಟೊ ಇದ್ರ ಪೊಲೀಸರು ಹಸಿ ಬಾಣಂತಿನ ಠಾಣೆಗೆ ಎಳದ ಒಯ್ತಾರ, ಅದು ಇಲ್ಲಂದ್ರ ನಿಮ್ಮ ಹೊಸ್ತಲಾ ಯಾರೂ ತುಳ್ಯಂಗಿಲ್ಲ ಅಂದ್ರು." ಅವರು ಹಳದಿ ಫೋನನ್ನು ಸೊಂಟದಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಾನ ಕೊಟ್ಟೆ ಬಾಯಾರ. ನನ್ನ ಕೈಯಾರೆ ಕೊಟ್ಟೆ. ಅವರ ಅಳಿಸಿದ್ರು. ಒಳಗೊಂದು ಕಸದ ಬುಟ್ಟಿ ಇರತೈತೆಲ್ಲ, ಅದರಾಗಿಂದೂ ತೆಗದ್ರು. ತೆಗದು, ಮಾರಿ ಮುಚ್ಕೊಂಡು ಅತ್ರು. ಗಂಡಸು ಅಳಾದು ನೋಡಾಕ ಆಗಲಿಲ್ಲ ನನಗ. ನಾನ ಸಮಾಧಾನ ಮಾಡಿ ಚಾ ಕೊಟ್ಟು ಕಳಿಸಿದೆ."

ಆ ಭಾನುವಾರ ಇಗರ್ಜಿಯಿಂದ ತಡವಾಗಿ ಬಂದ ಲಾಯ್ಡ್ ಊಟ ಬೇಡವೆಂದಿದ್ದ. ಹೊರಗೆ ತಿಂದೆಯಾ ಎಂದಿದ್ದಕ್ಕೆ, ಬರೀ ಒಂದು ಚಾ ಕುಡಿದೆ ಎಂದಿದ್ದ. ಅದೊಂದು ಮಾತ್ರ ಅವನು ಸುಳ್ಳು ಹೇಳಿರಲಿಲ್ಲ.

ಹಾಡು ನಿಂತಿತು. ಕೂಸನ್ನು ಇಳಿಸಿಕೊಂಡು ಬಂದಿರಬೇಕು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು, ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಗುದ್ದಿನ ಸದ್ದೂ ನಗುವೂ ಗೋಡೆ ದಾಟಿ ಬಂತು. ಆ ನಗುವಿನ ನಡುವೆ ಮೈತ್ರಿಯ ನಗುವೂ ಇತ್ತು, ಎಲ್ಲರಿಗಿಂತ ಎತ್ತರದಲ್ಲಿ, ಬಹಳ ದಿನಗಳ ಮೇಲೆ ಕೋಣೆಯಿಂದ ಹೊರಗೆ ಬಂದವಳ ನಗು.

ಇಬ್ಬರೂ ಅದು ಮುಗಿಯುವವರೆಗೂ ಕೇಳಿದರು.

"ಈಗ ನನ್ನ ಮಗಳ ಕಡೆ ಮಾತಾಡಾಕ ಏನ ಉಳೀತ್ರಿ?" ಎಂದು ಗೌರಾದೇವಿ ಕೇಳಿದರು.

"ಏನೂ ಇಲ್ಲ, ಗೌರಕ್ಕ."

ಗೌರಾದೇವಿ ತಲೆಯೆತ್ತಿದರು. ಕಣ್ಣಲ್ಲಿ ನೀರಿರಲಿಲ್ಲ. ಮಹಡಿಯ ಕೋಣೆಗೆ ಹೋಗಿ ಬಂದವಳನ್ನು, ಮಗಳ ಬಾಯಿಂದ ಎಲ್ಲವನ್ನೂ ಕೇಳಿ ಬಂದವಳನ್ನು, ಅಡಿಯಿಂದ ಮುಡಿಯವರೆಗೆ ನೋಡಿದರು. ಎದ್ದು ಬಂದು, ಎಣ್ಣೆಗೈಯಲ್ಲೇ ಗ್ರೇಸಿಯ ಮುಂಗೈ ಹಿಡಿದರು. ಬಿಡಿಸಿಕೊಳ್ಳಲಾಗದ ಹಿಡಿತ.

"ಯಾಕಿಲ್ಲ? ನೀವ ಅದೀರಲ್ಲ, ಬಾಯಾರ."